ಸೆಲೆಬ್ರಿಟಿ ಏನೋ ಅಂದರು ಅಂತ ನಾವು ಇಷ್ಟೊಂದು ಸಿಟ್ಟಾಗಬೇಕಾ?

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಎರಡು ವಾರದಿಂದ ತಲೆ ತಿನ್ನುತ್ತಿದೆ. ನಮ್ಮ ಕಡೆಯ ಕನ್ನಡದವರು ಸೇರಿ ಪ್ರತಿ ನವೆಂಬರ್‌ನಲ್ಲಿ ಒಂದು ರಾಜ್ಯೋತ್ಸವ ಮಾಡುತ್ತೇವೆ. ದೊಡ್ಡದೇನಲ್ಲ. ಬಾಡಿಗೆ ಹಾಲ್, ಮಕ್ಕಳ ಡಾನ್ಸ್, ಕೊನೆಗೆ ಬಿಸಿಬೇಳೆ ಬಾತ್. ಹಾಡುವ ಹುಡುಗರು ಕೊಟ್ಟ ಪಟ್ಟಿಯಲ್ಲಿ ಸೋನು ನಿಗಮ್ ಹಾಡಿದ ಮೂರು ಹಾಡುಗಳಿದ್ದವು. ಅಷ್ಟೇ ಸಾಕಾಯಿತು, ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿತ್ತು.

ಕಾರಣ ನಿಮಗೂ ಗೊತ್ತು. 2025ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಅವರ ಕಾರ್ಯಕ್ರಮ ಇತ್ತು, ಒಬ್ಬ ಹುಡುಗ ಕನ್ನಡ ಹಾಡು ಹಾಡಿ ಅಂತ ಕೂಗಿದ, ಅದಕ್ಕೆ ಇವರು ಪಹಲ್ಗಾಮ್‌ನಲ್ಲಿ ಆದದ್ದಕ್ಕೆ ಇದೇ ಕಾರಣ ಅನ್ನೋ ಹಾಗೆ ಮಾತಾಡಿಬಿಟ್ಟರು. ಅಲ್ಲಿ 26 ಜನ ಸತ್ತು ವಾರವೂ ಆಗಿರಲಿಲ್ಲ. ವೇದಿಕೆಯ ಮಾತೇ, ಆದರೆ ನಾವೆಲ್ಲ ಕೇಳಿದ್ದು ಫೋನಿನಲ್ಲಿ. ಫಿಲಂ ಚೇಂಬರ್ ಅಸಹಕಾರ ಅಂದಿತು, ಪೊಲೀಸ್ ಕೇಸ್ ಆಯಿತು, ಮೇ ಮೊದಲ ವಾರದಲ್ಲಿ ಅವರು ಇನ್‌ಸ್ಟಾಗ್ರಾಂನಲ್ಲಿ ಕರ್ನಾಟಕದ ಕ್ಷಮೆ ಕೇಳಿದರು.

ನಾನು ಗ್ರೂಪಿನಲ್ಲಿ ಕೇಳಿದ್ದು ಇಷ್ಟೇ: ಕ್ಷಮೆ ಕೇಳಿದ್ದಾಯಿತಲ್ಲ, ಹಾಡು ಬರೆದವರು, ರಾಗ ಹಾಕಿದವರು ಏನು ತಪ್ಪು ಮಾಡಿದರು? ಅದಕ್ಕೆ ಬಂದ ಉತ್ತರ, "ನೀನು ಮುಂಬೈಯಲ್ಲೇ ಹುಟ್ಟಿದವನು, ನಿನಗೆ ಎಲ್ಲಿಂದ ಉರಿಯಬೇಕು." ಹೇಳಿದವರು ನನ್ನ ಸ್ವಂತ ಸೋದರಮಾವ.

ನಿಜ ಹೇಳುತ್ತೇನೆ, ಆ ವಿಡಿಯೋ ನೋಡಿದಾಗ ನನಗೂ ಉರಿದಿತ್ತು. ಆದರೆ ಎಷ್ಟು ದಿನ ಉರಿಯಬೇಕು? ಇವರು ಒಂದು ಮಾತು ಬಿಸಾಕೋದು, ನಾವು ಕೆಲಸ ಬಿಟ್ಟು ಕೂಗಾಡೋದು, ಇದಕ್ಕೆ ಏನಾದರೂ ಅರ್ಥ ಇದೆಯಾ? ಕೂಗಾಡಿದರೆ ಯಾರಿಗಾದರೂ ಏನಾದರೂ ಉಪಯೋಗ ಆಗಿದೆಯಾ?

ಮಾಟುಂಗಾ ಮಾಣಿ:

ಅಣ್ಣಾ, ಹಾಡಿನ ವಿಷಯ ಆಮೇಲೆ. ಸಿಟ್ಟು ಬರಬೇಕಾ ಅಂದರೆ, ಬರಬೇಕು.

2015ರ ಮೇ 6. ಬಾಂದ್ರಾದಲ್ಲಿ 2002ರಲ್ಲಿ ಆದ ಕಾರು ಅಪಘಾತದ ಕೇಸಿನಲ್ಲಿ ಸೆಷನ್ಸ್ ಕೋರ್ಟು ಸಲ್ಮಾನ್ ಖಾನ್‌ಗೆ ಐದು ವರ್ಷ ಶಿಕ್ಷೆ ಹಾಕಿದ ದಿನ. (ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟು ಖುಲಾಸೆ ಮಾಡಿತು, ಅದು ಬೇರೆ.) ಅವತ್ತು ಗಾಯಕ ಅಭಿಜಿತ್ ಭಟ್ಟಾಚಾರ್ಯ ಟ್ವಿಟರ್‌ನಲ್ಲಿ ಬರೆದದ್ದರ ಸಾರ ಏನು ಗೊತ್ತಾ? ನಾಯಿ ರಸ್ತೆಯಲ್ಲಿ ಮಲಗಿದರೆ ನಾಯಿಯ ಸಾವೇ ಸಾಯುತ್ತೆ, ರಸ್ತೆ ಏನು ಬಡವರ ಅಪ್ಪನದಾ ಅಂತ. ಸತ್ತವನು ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಕೆಲಸದವನು.

ನನ್ನ ಅಪ್ಪ ಕುಂದಾಪುರದ ಕಡೆಯಿಂದ ಬಂದಾಗ ಮೀಸೆ ಕೂಡ ಮೂಡಿರಲಿಲ್ಲ. ಹಗಲು ಹೋಟೆಲಿನಲ್ಲಿ ಕ್ಲೀನರ್, ಸಂಜೆ ಫೋರ್ಟ್‌ನ ಕನ್ನಡ ರಾತ್ರಿಶಾಲೆ. ಶಾಲೆ ಮುಗಿಸಿ ಬರುವಷ್ಟರಲ್ಲಿ ಹೋಟೆಲಿನ ಬೆಂಚುಗಳ ಮೇಲೆಲ್ಲ ದೊಡ್ಡ ಹುಡುಗರು ಮಲಗಿರುತ್ತಿದ್ದರು. ಬೇಸಿಗೆಯಲ್ಲಂತೂ ಹೊರಗೆ ಫುಟ್‌ಪಾತ್ ಮೇಲೆ ಚಾಪೆ. ಎರಡು ವರ್ಷ ಹಾಗೆ ಮಲಗಿದೆ ಅಂತ ನಗ್ತಾ ಹೇಳುತ್ತಿದ್ದರು. ಈ ಊರಿನ ಉಡುಪಿ ಹೋಟೆಲುಗಳ ಗಲ್ಲಾದಲ್ಲಿ ಇವತ್ತು ಕೂತವರಲ್ಲಿ ಎಷ್ಟೋ ಜನರ ಮನೆಯಲ್ಲಿ ಇದೇ ಕತೆ. ಹಾಗಾಗಿ ಆ ಟ್ವೀಟ್ ಓದಿದಾಗ ನಾನು ಸೆಲೆಬ್ರಿಟಿ, ಫ್ರೀ ಸ್ಪೀಚ್ ಅಂತೆಲ್ಲ ಯೋಚನೆ ಮಾಡಲಿಲ್ಲ. ನನ್ನಪ್ಪನಿಗೆ ನಾಯಿ ಅಂದ ಹಾಗಾಯಿತು, ಅಷ್ಟೇ. ಜನ ಬೈದರು, ಆಮೇಲೆ ಅವರೂ ಕ್ಷಮೆ ಕೇಳಿದರು. ಬೈಯದಿದ್ದರೆ ಕೇಳುತ್ತಿದ್ದರಾ? ಖಂಡಿತ ಇಲ್ಲ.

ಒಂದು ತಮಾಷೆ ನೋಡಿ. 2017ರ ಮೇನಲ್ಲಿ ಹೆಣ್ಣುಮಕ್ಕಳ ಬಗ್ಗೆ ಅಸಹ್ಯವಾಗಿ ಬರೆದರು ಅಂತ ಟ್ವಿಟರ್ ಇದೇ ಅಭಿಜಿತ್ ಅವರ ಅಕೌಂಟ್ ನಿಲ್ಲಿಸಿತು. ಅದನ್ನು ಪ್ರತಿಭಟಿಸಿ ಟ್ವಿಟರ್ ಬಿಟ್ಟು ಹೋದವರು ಯಾರು? ನಿಮ್ಮ ಸೋನು ನಿಗಮ್.

ಠಾಣೆಯ ತಮ್ಮ:

ನಾನು ಮೂರು ವರ್ಷ ಅಂಧೇರಿಯ ಒಂದು ಏಜೆನ್ಸಿಯಲ್ಲಿ ಸ್ಟಾರ್‌ಗಳ ಅಕೌಂಟ್ ನೋಡಿಕೊಳ್ಳುತ್ತಿದ್ದೆ. ಹೆಸರು ಕೇಳಬೇಡಿ. ಒಳಗಿನ ವಿಷಯ ಸ್ವಲ್ಪ ಹೇಳುತ್ತೇನೆ. ಗಲಾಟೆ ಶುರುವಾದ ಮೊದಲ ಗಂಟೆಯಲ್ಲಿ ಅಲ್ಲಿ ಯಾರೂ "ತಪ್ಪಾಯಿತಾ" ಅಂತ ಕೇಳಲ್ಲ. "ಯಾವ ಬ್ರ್ಯಾಂಡ್‌ನವರು ಫೋನ್ ಮಾಡಿದರು" ಅಂತ ಕೇಳುತ್ತಾರೆ. ಯಾರೂ ಮಾಡದಿದ್ದರೆ ಸುಮ್ನೆ ಇರೋದು, ಎರಡು ದಿನದಲ್ಲಿ ಜನ ಮರೀತಾರೆ. ಮಾಡಿದರೆ ಮಾತ್ರ ಕ್ಷಮೆ ಬರೆಯಲು ಕೂರುತ್ತಾರೆ. "ಯಾರ ಮನಸ್ಸಿಗಾದರೂ ನೋವಾಗಿದ್ದರೆ" ಅಂತ ಶುರುವಾಗುವ ಆ ಪ್ಯಾರಾ ಇದೆಯಲ್ಲ, ಅದನ್ನು ನಾನೇ ನಾಲ್ಕು ಜನಕ್ಕೆ ಬರೆದುಕೊಟ್ಟಿದ್ದೇನೆ. ಅವರಲ್ಲಿ ಒಬ್ಬರು ಅದನ್ನು ಓದದೇ ಹಾಕಿದರು.

ಇನ್ನೊಂದು. ಸಿಟ್ಟೆಲ್ಲ ತಾನಾಗಿ ಹುಟ್ಟಲ್ಲ ಸ್ವಾಮಿ. ಹಾಲಿವುಡ್‌ನ ನಿರ್ದೇಶಕ ಜೇಮ್ಸ್ ಗನ್ ವಿಷಯದಲ್ಲಿ 2018ರ ಜುಲೈನಲ್ಲಿ ಆದದ್ದು ನೋಡಿ. ಅವರ ರಾಜಕೀಯ ಆಗದವರು ಎಷ್ಟೋ ವರ್ಷದ ಹಿಂದಿನ ಕೆಟ್ಟ ಜೋಕುಗಳನ್ನು ಹುಡುಕಿ ಮೇಲೆ ತಂದರು. ಡಿಸ್ನಿ ತಕ್ಷಣ ಕೆಲಸದಿಂದ ತೆಗೆಯಿತು, 2019ರ ಮಾರ್ಚ್‌ನಲ್ಲಿ ಮತ್ತೆ ಕರೆಯಿತು. ಜೋಕು ಕೆಟ್ಟದ್ದೇ, ಅನುಮಾನ ಇಲ್ಲ. ಆದರೆ ಹುಡುಕಿದವರಿಗೆ ಜೋಕಿನ ಚಿಂತೆ ಇರಲಿಲ್ಲ.

ನಿಗಡಿ ಪಾಟೀಲ:

ಠಾಣೆಯ ತಮ್ಮ, ನೀವು ಹೇಳಿದ್ದು ನಿಜ ಇರಬಹುದು ರೀ. ಆದರೆ ಎಲ್ಲಾ ಸಿಟ್ಟೂ ಯಾರೋ ಹಚ್ಚಿದ್ದು ಅನ್ನಬೇಡಿ. ನಾನು ಪುಣೆಯಲ್ಲಿ ಇದ್ದೇನೆ, ಊರು ವಿಜಯಪುರದ ಕಡೆ. ಹೆಸರಲ್ಲಿ ಪಾಟೀಲ ಅಂತ ಇದೆ, ನಾನು ಪಾಟೀಲ ಅಲ್ಲ. ಫ್ಯಾಕ್ಟರಿಯಲ್ಲಿ ಹುಡುಗರು ಚೇಷ್ಟೆಗೆ ಇಟ್ಟ ಹೆಸರು, ನಾನೂ ಚೇಷ್ಟೆಗೇ ಇಟ್ಟುಕೊಂಡೆ.

2023ರ ಆಗಸ್ಟ್‌ನಲ್ಲಿ ಉಪೇಂದ್ರ ಅವರು ತಮ್ಮ ಪಕ್ಷದ ವಾರ್ಷಿಕೋತ್ಸವಕ್ಕೆ ಲೈವ್ ಬಂದಿದ್ದರು. ಟೀಕೆ ಮಾಡೋರು ಎಲ್ಲಾ ಕಡೆ ಇರುತ್ತಾರೆ ಅನ್ನೋದಕ್ಕೆ ಒಂದು ಗಾದೆ ಹೇಳಿದರು. ಯಾವ ಗಾದೆ ಅಂತ ನಿಮಗೆ ಗೊತ್ತು, ನಾನು ಇಲ್ಲಿ ಬರೆಯಲ್ಲ. ನಮ್ಮ ಕೇರಿಯ ಹೆಸರನ್ನೇ ಬೈಗುಳ ಮಾಡಿಟ್ಟ ಗಾದೆ. ಗಲಾಟೆ ಆಯಿತು, ವಿಡಿಯೋ ತೆಗೆದು ಕ್ಷಮೆ ಕೇಳಿದರು, ಅಟ್ರಾಸಿಟಿ ಕೇಸ್ ಬಿತ್ತು, ಹೈಕೋರ್ಟು ತಡೆ ಕೊಟ್ಟಿತು.

ಅವಾಗ ನನ್ನ ಜೊತೆ ಕೆಲಸ ಮಾಡೋರು ಎಷ್ಟು ಜನ ಹೇಳಿದರು ಗೊತ್ತೇನು, "ಅಯ್ಯೋ, ಅದು ಬರೀ ಗಾದೆ ಮಾತು, ಬಾಯಿತಪ್ಪಿ ಬಂತು, ಇಷ್ಟಕ್ಕೆಲ್ಲ ಕೇಸಾ?" ಬಾಯಿತಪ್ಪಿ ಬಂದದ್ದೇ ನನಗೆ ಜಾಸ್ತಿ ಚುಚ್ಚಿದ್ದು. ಬೇಕಂತ ಬೈದವನಿಗೆ ತಾನು ಬೈದೆ ಅಂತ ಗೊತ್ತಿರುತ್ತೆ. ಇದು ಹಾಗಲ್ಲ, ಉಸಿರಿನ ಜೊತೆ ಬರುತ್ತೆ. ನಮ್ಮವ್ವ ಊರಿನ ಕಿರಾಣಿ ಅಂಗಡಿಯ ಮುಂದೆ ನಿಂತಾಗ ಅದೇ ಗಾದೆ ಕೇಳಿದಾಳೆ. ಒಮ್ಮೆ ಅಲ್ಲ, ಬೇಕಾದಷ್ಟು ಸಲ. ಒಬ್ಬರೂ ಆ ಅಂಗಡಿಯವನ ವಿರುದ್ಧ ಟ್ವೀಟ್ ಮಾಡಲಿಲ್ಲ. ಉಪೇಂದ್ರ ದೊಡ್ಡ ನಟ, ಅವರ ಬಾಯಲ್ಲಿ ಬಂತು, ಹಾಗಾಗಿ ಇಡೀ ರಾಜ್ಯ ಒಂದು ವಾರ ಆ ಗಾದೆಯನ್ನು ತಿರುಗಿಸಿ ನೋಡಿತು. ನನಗೆ ಅವರ ಮೇಲೆ ಈಗ ಸಿಟ್ಟಿಲ್ಲ, ಪಿಚ್ಚರ್ ನೋಡುತ್ತೇನೆ. ಆದರೆ ಆ ಒಂದು ವಾರದ ಗಲಾಟೆ ಬೇಕಿತ್ತು. ನಮ್ಮ ಸೂಪರ್‌ವೈಸರ್ ಈಗ ಆ ಗಾದೆಯನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡುತ್ತಾನೆ.

ವಾಸ್ಕೋದವಳು:

ಪಾಟೀಲಣ್ಣ (ಹಾಗೇ ಕರೆಯುತ್ತೇನೆ, ಬೇಜಾರು ಮಾಡಬೇಡಿ), ನಾನು ಹೇಳಬೇಕು ಅಂದುಕೊಂಡಿದ್ದನ್ನೇ ನೀವು ಹೇಳಿದಿರಿ. ಗೋವಾದಲ್ಲಿ ನಮಗೆ ಘಾಟಿ ಅಂತಾರೆ. ಘಟ್ಟದ ಮೇಲಿಂದ ಬಂದವರು ಅನ್ನೋದು ಅರ್ಥ, ಆದರೆ ಹೇಳುವ ಧಾಟಿಯಲ್ಲಿ ಕೊಳಕರು, ಕೂಲಿಗಳು, ಕಳ್ಳರು ಎಲ್ಲ ಸೇರಿರುತ್ತೆ. ಬಸ್ಸಿನಲ್ಲಿ ಕೇಳಿದ್ದೇನೆ, ಮೀನು ಮಾರ್ಕೆಟ್ಟಿನಲ್ಲಿ ಕೇಳಿದ್ದೇನೆ. ಬಾಡಿಗೆ ಮನೆ ಕೇಳಲು ಹೋದಾಗ ಬಾಗಿಲ ಹಿಂದೆ ಪಿಸುಗುಟ್ಟಿದ್ದನ್ನೂ ಕೇಳಿದ್ದೇನೆ. ಒಂದು ದಿನವೂ ಯಾವ ಗ್ರೂಪೂ ನನ್ನ ಪರವಾಗಿ ಕುದಿಯಲಿಲ್ಲ. ಸೋನು ನಿಗಮ್ ವಿಡಿಯೋ ಬಂದಾಗ ಮಾತ್ರ ಬೆಳಗಾಗುವಷ್ಟರಲ್ಲಿ ನೂರಾಹತ್ತು ಮೆಸೇಜು! ಡೊಂಬಿವಲಿಯವರ ಮಾವನಿಗೆ ಒಂದು ಮಾತು ಕೇಳಬೇಕು, ಲೋಕಲ್‌ನಲ್ಲಿ ಯಾರಾದರೂ ಭಯ್ಯಾ ಅಂತ ಬಿಹಾರದ ಹುಡುಗನನ್ನು ತಳ್ಳಿದಾಗ ಅವರು ಏನು ಮಾಡುತ್ತಾರೆ?

ಮತ್ತೆ ಈ ಸಿಟ್ಟು ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದೂ ಹೆದರಿಕೆಯ ವಿಷಯ. 2025ರ ಜುಲೈನಲ್ಲಿ ರಮ್ಯಾ ಅವರು ಮಾಡಿದ್ದು ಏನು? ದರ್ಶನ್ ಜಾಮೀನಿನ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ನಡೆದದ್ದರ ಸುದ್ದಿ ಹಂಚಿಕೊಂಡರು. ಅಷ್ಟಕ್ಕೇ ಅಭಿಮಾನಿಗಳು ಅಂತ ಹೇಳಿಕೊಂಡವರು ಬರೆದ ಹೊಲಸನ್ನು ಹೆಣ್ಣುಮಕ್ಕಳು ಓದಲಿಕ್ಕಾಗಲ್ಲ. ಕೊನೆಗೆ ಅವರು 43 ಅಕೌಂಟುಗಳ ಮೇಲೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು, ಕೆಲವರು ಅರೆಸ್ಟೂ ಆದರು. ಬರೆದವರನ್ನು ಕೇಳಿದ್ದರೆ ನಮ್ಮ ನಟನಿಗೆ ಅವಮಾನ ಆಯಿತು, ಅದಕ್ಕೇ ಸಿಟ್ಟು ಅಂತಲೇ ಹೇಳುತ್ತಿದ್ದರೋ ಏನೋ. ಹೆಂಗಸು ಮಾತಾಡಿದರೆ ಆ ಸಿಟ್ಟು ಎರಡೇ ನಿಮಿಷದಲ್ಲಿ ಅತ್ಯಾಚಾರದ ಬೆದರಿಕೆ ಆಗುತ್ತೆ.

ಕೋರ್ಟ್ ಗುಮಾಸ್ತ:

ನಾನು ವಕೀಲ ಅಲ್ಲ, ವಕೀಲರ ಫೈಲು ಹೊರುವವನು, ಆದರೆ ಈ ಕಡೆಯ ಮೂರು ಸಂಗತಿ ಹೇಳುತ್ತೇನೆ.

2012ರ ನವೆಂಬರ್, ಪಾಲ್ಘರ್. ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಯಿತು. ಅದನ್ನು ಪ್ರಶ್ನಿಸಿ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಅರೆಸ್ಟ್ ಮಾಡಿದರು. ಬರೆದವಳ ಚಿಕ್ಕಪ್ಪನ ಆಸ್ಪತ್ರೆಗೆ ನುಗ್ಗಿ ಒಡೆದು ಹಾಕಿದರು. ಅಂಥ ಕೇಸುಗಳಿಂದಲೇ, ಆನ್‌ಲೈನ್‌ನಲ್ಲಿ ಚುಚ್ಚುವಂತೆ ಬರೆದವರನ್ನು ಹಿಡಿಯಲು ಬಿಡುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಸುಪ್ರೀಂ ಕೋರ್ಟಿಗೆ ಹೋಗಿ 2015ರ ಮಾರ್ಚ್ 24ರಂದು ರದ್ದಾಯಿತು. ಸರಿ, ಇನ್ನು ಮುಗಿಯಿತು ಅಂದುಕೊಂಡೆವು. 2022ರ ಮೇನಲ್ಲಿ ಮರಾಠಿ ನಟಿ ಕೇತಕಿ ಚಿತಳೆ ಶರದ್ ಪವಾರ್ ಬಗ್ಗೆ ಬೇರೆ ಯಾರೋ ಬರೆದ ಕೆಟ್ಟ ಪದ್ಯವನ್ನು ಫೇಸ್‌ಬುಕ್‌ನಲ್ಲಿ ಹಾಕಿದರು. ನಮ್ಮ ಠಾಣೆ ಊರಿನ ಪೊಲೀಸರೇ ಹಿಡಿದರು, ಬೇರೆ ಬೇರೆ ಊರುಗಳಲ್ಲಿ ಕೇಸು ಬಿದ್ದವು, ಒಂದು ತಿಂಗಳಿಗೂ ಜಾಸ್ತಿ ಜೈಲು. ಪದ್ಯ ಅಸಹ್ಯವಾಗಿತ್ತು, ಒಬ್ಬರ ಕಾಯಿಲೆಯನ್ನು ಆಡಿಕೊಳ್ಳೋದು ಯಾರಿಗೂ ಶೋಭೆಯಲ್ಲ. ಆದರೂ ಒಂದು ಪೋಸ್ಟಿಗೆ ಒಂದು ತಿಂಗಳಾ?

ಕಂಗನಾ ರಣಾವತ್ ವಿಷಯ ಇನ್ನೂ ವಿಚಿತ್ರ. 2020ರ ಸೆಪ್ಟೆಂಬರ್‌ನಲ್ಲಿ ಮುಂಬೈಯನ್ನು ಪಾಕ್ ಆಕ್ರಮಿತ ಕಾಶ್ಮೀರಕ್ಕೆ ಹೋಲಿಸಿದರು. ಈ ಊರಿನ ಅನ್ನ ತಿಂದವರಿಗೆಲ್ಲ ಸಿಟ್ಟು ಬಂತು, ನನಗೂ ಬಂತು. ಸೆಪ್ಟೆಂಬರ್ 9ಕ್ಕೆ ಪಾಲಿಕೆಯವರು ಪಾಲಿ ಹಿಲ್‌ನ ಅವರ ಬಂಗಲೆಗೆ ಜೆಸಿಬಿ ತಂದರು. ನವೆಂಬರ್‌ನಲ್ಲಿ ಹೈಕೋರ್ಟು ಅದು ದುರುದ್ದೇಶದ ಕೆಲಸ ಅಂದಿತು, ಅವರ ಮಾತನ್ನೂ ಒಪ್ಪಲಿಲ್ಲ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಬಂಗಲೆ. ಅವರು ಆಡಿದ ಮಾತು ಮರೆತೇ ಹೋಯಿತು. ಬೈದವರು ಪಾಪದವರಾಗಿಬಿಟ್ಟರು. ಸಿಟ್ಟನ್ನು ಪೊಲೀಸರ ಕೈಗೋ ಜೆಸಿಬಿ ಕೈಗೋ ಕೊಟ್ಟರೆ ಹೀಗೇ ಆಗೋದು.

ಸರಿಯಾಗಿ ಆದದ್ದು ಅಂತ ನನಗೆ ನೆನಪಿರೋದು ಒಂದು. 2019ರ ಜನವರಿಯಲ್ಲಿ ನಮ್ಮ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಟಿವಿ ಮಾತುಕತೆಯೊಂದರಲ್ಲಿ ಕೂತಿದ್ದರು. ಹಾರ್ದಿಕ್ ಹೆಣ್ಣುಮಕ್ಕಳ ಬಗ್ಗೆ ಕೀಳಾಗಿ ಮಾತಾಡಿದರು, ರಾಹುಲ್ ಪಕ್ಕದಲ್ಲಿ ನಗ್ತಾ ಇದ್ದರು. ಜನ ಉಗಿದರು. ಬಿಸಿಸಿಐ ಇಬ್ಬರನ್ನೂ ಆಸ್ಟ್ರೇಲಿಯಾ ಪ್ರವಾಸದಿಂದ ಹೊರಗಿಟ್ಟಿತು, ಆಮೇಲೆ ಅವರದೇ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ತಲಾ 20 ಲಕ್ಷ ದಂಡ ಹಾಕಿದರು. ಕರ್ತವ್ಯದಲ್ಲಿ ಸತ್ತ ಹತ್ತು ಅರೆಸೇನಾ ಕಾನ್‌ಸ್ಟೇಬಲ್‌ಗಳ ಹೆಂಡತಿಯರಿಗೆ ಒಂದೊಂದು ಲಕ್ಷ, ಉಳಿದ ಹತ್ತು ಲಕ್ಷ ಅಂಧರ ಕ್ರಿಕೆಟ್‌ಗೆ. ಕೆಲಸ ಕೊಟ್ಟವರೇ ಶಿಕ್ಷೆ ಕೊಟ್ಟರು, ಹಣ ಬೇಕಾದವರಿಗೆ ಹೋಯಿತು, ಹುಡುಗರು ವಾಪಸ್ ಬಂದು ಆಡಿದರು. ಜೈಲಿಲ್ಲ, ಕಲ್ಲು ತೂರಾಟ ಇಲ್ಲ. ಜನ ಸುಮ್ನೆ ಇದ್ದಿದ್ದರೆ ಇದೂ ಆಗುತ್ತಿರಲಿಲ್ಲ ಅನ್ನೋದನ್ನು ಒಪ್ಪುತ್ತೇನೆ. ಡೊಂಬಿವಲಿಯವರೇ, ಹಾಡು ಇರಲಿ ಬಿಡಿ. ನಿಮ್ಮ ಹುಡುಗರು ಹಾಡುತ್ತಾರೆ ತಾನೇ, ಸೋನು ನಿಗಮ್ ಏನು ಹಾಲಿಗೆ ಬರುತ್ತಾರಾ?

ಮಾಟುಂಗಾ ಮಾಣಿ:

ಗುಮಾಸ್ತರೇ, ದಂಡ ಒಪ್ಪಿದೆ. ಆದರೆ ಅಭಿಜಿತ್‌ಗೆ ಕೆಲಸ ಕೊಟ್ಟವರು ಯಾರು ಅಂತ ಹುಡುಕೋದು? ಎಲ್ಲರಿಗೂ ಬಿಸಿಸಿಐ ಇರಲ್ಲ ಸ್ವಾಮಿ. ಅವರಿಗೆಲ್ಲ ನಮ್ಮ ಬೈಗುಳವೇ ದಂಡ.

ಡೊಂಬಿವಲಿ ಫಾಸ್ಟ್:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಉತ್ತರ ಬರೆಯಲಿಲ್ಲ, ಓದುತ್ತಾ ಇದ್ದೆ. ಪಟ್ಟಿಯಲ್ಲಿ ಮೂರು ಹಾಡಿನ ಬದಲು ಒಂದು ಉಳಿಯಿತು, ಮಾವನೂ ಗೊಣಗುತ್ತಾ ಒಪ್ಪಿದರು. ವಾಸ್ಕೋದ ಅಕ್ಕ, ನೀವು ಕೇಳಿದ ಪ್ರಶ್ನೆಯನ್ನು ಅವರಿಗೆ ಕೇಳಿದೆ. "ಅದು ಬೇರೆ, ಇದು ಬೇರೆ" ಅಂದರು.

ಪಾಟೀಲರೇ, ನಿಮಗೊಂದು ಹೇಳಬೇಕು. ಆ ಗಾದೆಯನ್ನು ನಾನೂ ಆಡಿದ್ದೇನೆ. ಉಪೇಂದ್ರ ಗಲಾಟೆ ಆದಮೇಲೂ. ಹೋದ ತಿಂಗಳು ಸೊಸೈಟಿ ಮೀಟಿಂಗಿನಲ್ಲಿ, ನೀರಿನ ಬಿಲ್ಲಿನ ವಿಷಯಕ್ಕೆ, ಪಕ್ಕದಲ್ಲಿದ್ದ ಇನ್ನೊಬ್ಬ ಕನ್ನಡದವರಿಗೆ. ಅವರು ನಕ್ಕರು. ನಾನು ಮುಂದಿನ ಮಾತಿಗೆ ಹೋದೆ.