ಪದಚರ್ಚೆ: ಒಥೆಲೊನದು ಅಸೂಯೆಯೇ, ಈರ್ಷ್ಯೆಯೇ, ಸಂಶಯವೇ?

ಶಿವಮೊಗ್ಗದಿಂದ, ಕೇಳಿಕೆ:

ಗುರುವಾರ ತಾಲೀಮಿಗೆ ಹಸ್ತಪ್ರತಿ ಕೊಡಬೇಕು, ಒಂದು ಪದದಲ್ಲಿ ಸಿಕ್ಕಿಬಿದ್ದಿದ್ದೇನೆ. ಕನ್ನಡಕ್ಕೆ ತರುತ್ತಿರುವುದು ಶೇಕ್ಸ್‌ಪಿಯರನ ‘ಒಥೆಲೊ’, ಕೈಕೆಳಗಿನ ಇಯಾಗೊನ ಮಾತು ನಂಬಿ ದಂಡನಾಯಕ ಒಥೆಲೊ ಹೆಂಡತಿ ಡೆಸ್ಡಿಮೋನಾಳನ್ನು ಕೊಲ್ಲುವ ನಾಟಕ. ಮೂರನೇ ಅಂಕ, ಮೂರನೇ ದೃಶ್ಯ. ಕಣ್ಣಾರೆ ಕಾಣದೆ ಸಂಶಯಪಡುವುದಿಲ್ಲ, ಸಂಶಯ ಬಂದರೆ ಸಾಬೀತು ಬೇಕು, ಸಾಬೀತಾದರೆ ಪ್ರೀತಿಯೋ ‘ಜೆಲಸಿ’ಯೋ ಒಂದು ತೊಲಗಬೇಕು ಎನ್ನುತ್ತಾನೆ ಒಥೆಲೊ. ಈ ಕಡೆಯ ಪದಕ್ಕೆ ಏನು ಹಾಕಲಿ? ‘ಸಂಶಯ’ ಅದೇ ಮಾತಿನಲ್ಲಿ ಆಗಲೇ ಖರ್ಚಾಗಿದೆ. ‘ಅಸೂಯೆ’ ಎಂದರೆ ಪಕ್ಕದ ಮನೆಯವರು ಕಾರು ಕೊಂಡಾಗ ಆಗುವ ಸಂಕಟ. ‘ಹೊಟ್ಟೆಕಿಚ್ಚು’ ಹಾಕಿ ನೋಡಿದೆ, ನಟರೇ ನಕ್ಕರು.

ಇನ್ನೊಂದು, ನಾಲ್ಕನೇ ಅಂಕದ್ದು. ಮೂರ್ಛೆ ತಿಳಿದೆದ್ದ ಒಥೆಲೊ, ಕೊಂಬು ಮೂಡಿದ ಗಂಡಸು ಮೃಗವೇ ಸರಿ ಎಂದು ಗೋಳಾಡುತ್ತಾನೆ. ‘ಗಂಡಸಾಗಿ, ಸ್ವಾಮಿ’ ಎಂದು ಇಯಾಗೊ ಚುಚ್ಚುತ್ತಾನೆ. ನಮ್ಮಲ್ಲಿ ಕೊಂಬು ಬರುವುದು ಸೊಕ್ಕಿದವನಿಗೆ, ಹೆಂಡತಿ ದಾರಿ ತಪ್ಪಿದವನಿಗಲ್ಲ. ಏನು ಮಾಡಲಿ?

ಬೆಂಗಳೂರಿನಿಂದ:

ಕರುಬು. ಹಳಗನ್ನಡದಿಂದ ಇರುವ ಅಚ್ಚ ಕನ್ನಡದ ಪದ. ಮನೆಯಲ್ಲೇ ಇರುವುದನ್ನು ಬಿಟ್ಟು ಸಂಸ್ಕೃತದ ಬಾಗಿಲು ತಟ್ಟುವ ಚಾಳಿ ಎಂದು ಹೋಗುತ್ತದೋ!

ಮೈಸೂರಿನಿಂದ:

ಕರುಬುವುದು ಇನ್ನೊಬ್ಬನ ಸಿರಿಗೆ. ತನ್ನ ಹೆಂಡತಿಯ ವಿಷಯದಲ್ಲಿ ಯಾರಾದರೂ ಕರುಬುತ್ತಾರೆಯೇ? ತಲೆಬುಡವಿಲ್ಲದ ಸಲಹೆ.

ಶಿವಮೊಗ್ಗದ ತಾಯಿ, ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ನೋಡಿ. ‘ಅಕ್ಷಾಂತಿರೀರ್ಷ್ಯಾ, ಅಸೂಯಾ ತು ದೋಷಾರೋಪೋ ಗುಣೇಷ್ವಪಿ.’ ಗುಣದಲ್ಲೂ ದೋಷ ಹೊರಿಸುವುದು ಅಸೂಯೆ. ಅದು ಇಯಾಗೊನ ಕಸುಬು: ಡೆಸ್ಡಿಮೋನಾಳ ಸದ್ಗುಣವನ್ನೇ ಡಾಂಬರು ಮಾಡುತ್ತೇನೆ ಎಂದು ಎರಡನೇ ಅಂಕದಲ್ಲಿ ತಾನೇ ಹೇಳಿಕೊಳ್ಳುತ್ತಾನಲ್ಲ! ಒಥೆಲೊನದು ಸಹಿಸಲಾರದ ಸಂಕಟ, ಈರ್ಷ್ಯೆ. ಯಾರ ಮೇಲೆ ಕೋಪವೋ ಅವರಿಗೆ ಚತುರ್ಥೀ ವಿಭಕ್ತಿ (‘-ಗೆ’) ಎನ್ನುವ ಪಾಣಿನಿಯ ‘ಕ್ರುಧದ್ರುಹ’ ಸೂತ್ರಕ್ಕೆ ವ್ಯಾಕರಣಗ್ರಂಥ ಕೌಮುದಿ ಕೊಡುವ ಪ್ರತ್ಯುದಾಹರಣೆಯೇ ‘ಭಾರ್ಯಾಮೀರ್ಷ್ಯತಿ’: ಹೆಂಡತಿಯ ವಿಷಯದಲ್ಲಿ ಈರ್ಷ್ಯೆಪಡುತ್ತಾನೆ, ಇವಳನ್ನು ಬೇರೊಬ್ಬ ನೋಡದಿರಲಿ ಎಂದು. ಕೋಪ ಹೆಂಡತಿಯ ಮೇಲಲ್ಲ, ಆದ್ದರಿಂದ ಚತುರ್ಥಿಯಲ್ಲ, ದ್ವಿತೀಯಾ (‘-ಅನ್ನು’). ಇಷ್ಟು ಕರಾರುವಾಕ್ಕಾದ ಪದ ಕೈಯಲ್ಲಿರುವಾಗ ಚರ್ಚೆ ಯಾತಕ್ಕೆ?

ಬೆಂಗಳೂರಿನಿಂದ:

ಮೇಷ್ಟ್ರೇ, ಟಿಕೆಟ್ ಕೊಂಡು ಬಂದವರು ಕೌಮುದಿ ಓದಿಕೊಂಡು ಬರುವುದಿಲ್ಲ. ‘ಈರ್ಷ್ಯೆ’ಯನ್ನು ನಟನ ಬಾಯಲ್ಲಿ ಒಮ್ಮೆ ಕೇಳಿ: ‘ಈರ್ಶೆ’. ನಾಲಿಗೆಗೆ ಒಗ್ಗದ ಪದ ಕನ್ನಡವಲ್ಲ.

ಮೈಸೂರಿನಿಂದ:

‘ಪದ’ ಎಲ್ಲಿಯದು? ‘ತಾಲೀಮು’ ಅರಬ್ಬಿಯಿಂದ ಬಂದದ್ದು, ಅದನ್ನೂ ಹೊರಗೆ ಹಾಕುತ್ತೀರಾ? ಎರವಲಿಗೆ ಹೆದರುವವರು ಮೊದಲು ಈ ನಾಟಕವನ್ನೇ ಕೈಬಿಡಲಿ, ಅದೂ ಎರವಲೇ.

ಧಾರವಾಡದಿಂದ:

ಇಬ್ಬರೂ ಸ್ವಲ್ಪ ನಿಲ್ಲಿ. ಪತ್ರಿಕೆ ಓದುವುದಿಲ್ಲವೇ? ‘ಶೀಲ ಶಂಕಿಸಿ ಪತ್ನಿಯ ಕೊಲೆ’. ‘ಅಸೂಯೆಯಿಂದ ಕೊಲೆ’ ಎಂದು ಯಾವ ವರದಿಗಾರ ಬರೆದಿದ್ದಾನೆ? ಅಂಥ ಗಂಡನನ್ನು ಓಣಿಯವರು ಕರೆಯುವುದು ‘ಸಂಶಯ ಪಿಶಾಚಿ’ ಎಂದೇ. ಇಯಾಗೊನ ಹೆಂಡತಿ ಎಮಿಲಿಯಾ ಈ ಸಂಶಯವನ್ನು ತನ್ನನ್ನು ತಾನೇ ಹೆರುವ ರಾಕ್ಷಸ ಎನ್ನುತ್ತಾಳೆ. ನಮ್ಮ ಪಿಶಾಚಿಯೂ ಅದೇ ಜಾತಿ.

ಗಂಡಸಿನ ಮಾತಿಗೆ ‘ಪುರುಷತ್ವ’ ಬೇಡ, ವೈದ್ಯರ ಜಾಹೀರಾತಾಗುತ್ತದೆ. ‘ಪೌರುಷ’ ಎಂದೊಡನೆ ನಟ ಮೀಸೆ ತಿರುವುತ್ತಾನೆ. ‘ಗಂಡ’ನನ್ನೇ ಹಿಡಿಯಿರಿ. ವಿಜಯನಗರದ ಅರಸರಿಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿತ್ತು; ಅಲ್ಲಿ ಗಂಡ ಎಂದರೆ ಅಡಗಿಸುವ ಶೂರ. ಶೂರನಿಗೂ ಪತಿಗೂ ಒಂದೇ ಪದ ಕನ್ನಡದಲ್ಲಿ. ಒಥೆಲೊ ಕೆಡುವುದೇ ಅಲ್ಲಿ: ಪತಿಯಾಗಿ ಸೋತೆ ಎಂದುಕೊಂಡ ಗಳಿಗೆಯಲ್ಲೇ ದಂಡನಾಯಕನಾಗಿಯೂ ಮುಗಿದೆ ಎಂದು ಯುದ್ಧಕ್ಕೂ ಕುದುರೆಗೂ ಭೇರಿಗೂ ವಿದಾಯ ಹೇಳುತ್ತಾನೆ. 19ನೇ ಶತಮಾನದಲ್ಲಿ ಈ ನಾಟಕವನ್ನು ಕನ್ನಡಕ್ಕೆ ತಂದ ಬಸವಪ್ಪ ಶಾಸ್ತ್ರಿಗಳು ಅವನಿಗೆ ಶೂರಸೇನ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಕೊಂಬು ತೆಗೆದುಬಿಡಿ. ಅದರ ಬೆನ್ನಿಗೇ ಇಯಾಗೊನ ನೊಗದ ಮಾತಿದೆ, ಗಡ್ಡ ಬಂದು ನೊಗ ಹೊತ್ತವರೆಲ್ಲ ನಿಮ್ಮ ಜೋಡಿ ಎತ್ತುಗಳೇ ಎಂದು. ಅದು ನಮ್ಮವರಿಗೆ ವಿವರಿಸದೆ ತಿಳಿಯುತ್ತದೆ.

ಶಿವಮೊಗ್ಗದಿಂದ:

ಎಲ್ಲರಿಗೂ ವಂದನೆ. ಕೊಂಬು ಹೋಯಿತು, ನೊಗ ಉಳಿಯಿತು. ‘ನೀವು ಗಂಡಸಲ್ಲವೇ, ಸ್ವಾಮಿ?’ ಎಂದು ಪ್ರಶ್ನೆಯಾಗಿಸಿದ್ದೇನೆ. ಇಯಾಗೊ ಆಜ್ಞೆ ಮಾಡುವವನಲ್ಲ, ಮುಳ್ಳಾಡಿಸುವವನು. ಒಥೆಲೊನ ಮಾತಿನಲ್ಲಿ ಮೊದಲ ಸಂಶಯವನ್ನು ‘ಅನುಮಾನ’ ಮಾಡಿ, ಕೊನೆಗೆ ‘ಈರ್ಷ್ಯೆ’ ಇಟ್ಟಿದ್ದೇನೆ, ಅವನ ಬಾಯಲ್ಲಿ ಮಾತ್ರ. ಎಮಿಲಿಯಾಳಿಗೆ ಸಂಶಯವೇ ಇರಲಿ: ‘ಕಾರಣವಿದ್ದು ಸಂಶಯಪಡುವುದಿಲ್ಲ, ಸಂಶಯದವರು ಎಂದೇ ಸಂಶಯಪಡುತ್ತಾರೆ.’ ಅಸೂಯೆ ಇಯಾಗೊನಿಗೆ ಮೀಸಲು. ಭಿತ್ತಿಪತ್ರಕ್ಕೆ ‘ಶೀಲ ಶಂಕಿಸಿ’ ಮಾತ್ರ ಬೇಡ. ಡೆಸ್ಡಿಮೋನಾಳ ಶೀಲವನ್ನು ನಾವೂ ಗೋಡೆಗೆ ಅಂಟಿಸುವುದು ಯಾಕೆ?

ಮೇಷ್ಟ್ರೇ, ಒಂದು ಅನುಮಾನ. ಕೋಪ ಹೆಂಡತಿಯ ಮೇಲಲ್ಲದಿದ್ದರೆ ದ್ವಿತೀಯಾ ಎಂದಿರಿ. ಐದನೇ ಅಂಕದ ಹೊತ್ತಿಗೆ ಒಥೆಲೊ ಚತುರ್ಥಿಗೆ ದಾಟಿರುತ್ತಾನಲ್ಲವೇ?

ಬೆಂಗಳೂರಿನಿಂದ:

ಕರುಬು ಎಲ್ಲೂ ಇಲ್ಲ. ಸರಿ.