ಎಣ್ಣೆ ಕಾದ ಮೇಲೆ ಸ್ಕಿಡ್ ಸ್ಟೀರ್ ಲೋಡರಿನ ಎಡಬದಿ ಸೋಲುತ್ತಿದೆ: ಪಂಪ್ ಬದಲಿಸಲೇಬೇಕೇ?

ಪ್ರಶ್ನೆ: ಲೋಡರ್ ಮಾಲೀಕ, ಗಿಣಿಗೇರಾ, ಕೊಪ್ಪಳ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮೂರ ಬಳಿಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕನ್ವೇಯರ್ ಕೆಳಗೆ ಉದುರುವ ಅದಿರು ಮತ್ತು ಕಲ್ಲಿದ್ದಲ ಪುಡಿಯನ್ನು ಬಳಿದು ತೆಗೆಯಲು ನನ್ನ ಸ್ಕಿಡ್ ಸ್ಟೀರ್ ಲೋಡರನ್ನು (ಎರಡು ಬದಿಯ ಚಕ್ರಗಳನ್ನು ಬೇರೆಬೇರೆಯಾಗಿ ನಡೆಸಿ ತಿರುಗುವ ಚಿಕ್ಕ ಲೋಡರು) ಬಾಡಿಗೆಗೆ ಬಿಟ್ಟಿದ್ದೇನೆ. ಯಂತ್ರ ಇದುವರೆಗೆ 4,200 ಗಂಟೆ ದುಡಿದಿದೆ. ಬೆಳಿಗ್ಗೆ ಚಾಲೂ ಮಾಡಿದಾಗ ಎರಡೂ ಬದಿಯ ಚಕ್ರಗಳು ಸಮನಾಗಿ ಎಳೆಯುತ್ತವೆ. ಒಂದೂವರೆ ತಾಸು ಕಳೆದು ಎಣ್ಣೆ ಕಾದ ಮೇಲೆ ಎಡಬದಿ ಸೋಲತೊಡಗುತ್ತದೆ. ತುಂಬಿದ ಬಕೆಟ್ಟಿನೊಂದಿಗೆ ನೇರ ಹೋಗಬೇಕೆಂದು ಎರಡೂ ಲಿವರ್ ಒತ್ತಿದರೂ ಯಂತ್ರ ಎಡಕ್ಕೇ ವಾಲುತ್ತದೆ. ಹಿಮ್ಮುಖವಾಗಿ ಹೋಗುವಾಗಲೂ ಎಡಬದಿಯೇ ಹಿಂದೆ ಬೀಳುತ್ತದೆ. ಬಕೆಟ್ ಎತ್ತುವ, ಮಗುಚುವ ಕೆಲಸದಲ್ಲಿ ಯಾವ ತೊಂದರೆಯೂ ಇಲ್ಲ.

ನೋಡಲು ಬಂದ ಮೆಕ್ಯಾನಿಕ್ ಯಾವುದನ್ನೂ ಅಳೆಯದೆ, ಜೋಡಿ ಪಂಪನ್ನೇ ಬದಲಿಸಬೇಕೆಂದು ಹೇಳಿ ಹೋಗಿದ್ದಾರೆ. ಅಷ್ಟು ಹಣ ಹಾಕಿದ ಮೇಲೂ ದೋಷ ಉಳಿದರೆ ನಾನು ಈ ವ್ಯವಹಾರವನ್ನೇ ನಿಲ್ಲಿಸಬೇಕಾಗುತ್ತದೆ. ಕೆಟ್ಟಿರುವುದು ಪಂಪೇ ಎಂದು ಖಚಿತಪಡಿಸಿಕೊಳ್ಳುವ ದಾರಿ ಯಾವುದು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೈಡ್ರಾಲಿಕ್ ಮೆಕ್ಯಾನಿಕ್, ಬಳ್ಳಾರಿ

ಮಾಲೀಕರೇ, ಪಂಪಿಗೆ ಮುಂಗಡ ಕೊಡುವ ಮೊದಲು ಎರಡು ದಿನ ತಡೆಯಿರಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ.

ಈ ಯಂತ್ರದಲ್ಲಿ ಎಂಜಿನ್ನು ಒಂದರ ಬೆನ್ನಿಗೊಂದು ಕೂಡಿಸಿದ ಎರಡು ಪಿಸ್ಟನ್ ಪಂಪುಗಳನ್ನು ತಿರುಗಿಸುತ್ತದೆ. ಒಂದು ಎಡಬದಿಯ ಚಕ್ರಗಳನ್ನು ತಿರುಗಿಸುವ ಹೈಡ್ರಾಲಿಕ್ ಮೋಟರಿಗೆ, ಇನ್ನೊಂದು ಬಲಬದಿಯ ಮೋಟರಿಗೆ ಎಣ್ಣೆ ಕೊಡುತ್ತದೆ. ಆ ಎಣ್ಣೆ ಟ್ಯಾಂಕಿಗೆ ಮರಳದೆ ಪಂಪು ಮತ್ತು ಮೋಟರಿನ ನಡುವೆಯೇ ಸುತ್ತುತ್ತಿರುತ್ತದೆ. ಸುತ್ತಿನೊಳಗೆ ಸೋರಿಹೋದಷ್ಟನ್ನು ಚಾರ್ಜ್ ಪಂಪ್ ಎಂಬ ಚಿಕ್ಕ ಪಂಪು ಮತ್ತೆ ತುಂಬಿಕೊಡುತ್ತದೆ. ಚಾರ್ಜ್ ಪಂಪು, ಫಿಲ್ಟರು, ಟ್ಯಾಂಕಿನಿಂದ ಎಣ್ಣೆ ಎಳೆದುಕೊಳ್ಳುವ ಸಕ್ಷನ್ ಪೈಪು ಮತ್ತು ಎಣ್ಣೆ ಎರಡೂ ಬದಿಗೆ ಸೇರಿದವು. ಅವು ಕೆಟ್ಟಿದ್ದರೆ ಸಾಮಾನ್ಯವಾಗಿ ಎರಡೂ ಬದಿ ಸೋಲುತ್ತವೆ. ನಿಮ್ಮಲ್ಲಿ ಸೋತಿರುವುದು ಒಂದೇ ಬದಿ. ಅದೂ ಮುಂದಕ್ಕೂ ಹಿಂದಕ್ಕೂ ಸೋಲುತ್ತಿರುವುದರಿಂದ, ಒತ್ತಡ ಮಿತಿ ಮೀರಿದಾಗ ತೆರೆದುಕೊಳ್ಳುವ, ದಿಕ್ಕಿಗೊಂದರಂತೆ ಇರುವ ರಿಲೀಫ್ ವಾಲ್ವಿನ ಮೇಲೆ ನನಗೆ ಹೆಚ್ಚು ಅನುಮಾನವಿಲ್ಲ. ಒಂದೇ ದಿಕ್ಕಿನಲ್ಲಿ ಸೋತಿದ್ದರೆ ಆ ಬದಿಯ ಎರಡು ರಿಲೀಫ್ ವಾಲ್ವುಗಳನ್ನು ಅದಲುಬದಲು ಮಾಡಿ ನೋಡಿ ಎನ್ನುತ್ತಿದ್ದೆ.

ತಣ್ಣಗಿರುವಾಗ ಸರಿಯಿದ್ದು ಕಾದ ಮೇಲೆ ಸೋಲುವುದು ಒಳಸೋರಿಕೆಯ ಗುರುತು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 46 ಸೆಂಟಿಸ್ಟೋಕ್ಸ್ ದಪ್ಪವಿರುವ ಎಣ್ಣೆ 100 ಡಿಗ್ರಿಗೆ ಬರುವಾಗ ಏಳರ ಆಸುಪಾಸಿಗೆ ತೆಳುವಾಗಿರುತ್ತದೆ. ಬೆಳಿಗ್ಗೆ ಸವೆದ ಸಂದಿಯನ್ನು ಮುಚ್ಚಿ ಹಿಡಿದಿದ್ದ ಎಣ್ಣೆಯೇ ಮಧ್ಯಾಹ್ನ ಅದೇ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಸೋರಿದ ಎಣ್ಣೆ ಸುಮ್ಮನೆ ಹೋಗುವುದೂ ಇಲ್ಲ. 250 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 10 ಲೀಟರ್ ಸೋರಿದರೆ ನಾಲ್ಕು ಕಿಲೋವ್ಯಾಟ್‌ಗೂ ಹೆಚ್ಚು ಶಾಖ ಹುಟ್ಟುತ್ತದೆ, ಆ ಶಾಖದಿಂದ ಎಣ್ಣೆ ಮತ್ತಷ್ಟು ತೆಳುವಾಗುತ್ತದೆ.

ಮೊದಲು ಎಡ ಲಿವರಿನ ಕೊಂಡಿಗಳು ಸವೆದಿಲ್ಲವೆಂದೂ, ಬ್ರೇಕು ಹಿಡಿದುಕೊಂಡಿಲ್ಲವೆಂದೂ, ಚೈನ್ ಕೇಸಿನೊಳಗೆ ಚಕ್ರಗಳನ್ನು ತಿರುಗಿಸುವ ಚೈನು ಸಿಕ್ಕಿಕೊಳ್ಳುತ್ತಿಲ್ಲವೆಂದೂ ನೋಡಿಕೊಳ್ಳಿ. ಆಮೇಲೆ ಎಣ್ಣೆ ಚೆನ್ನಾಗಿ ಕಾದಿರುವಾಗ ಚಾರ್ಜ್ ಒತ್ತಡ ಅಳೆಯಿರಿ. ಬಹುತೇಕ ಯಂತ್ರಗಳಲ್ಲಿ ಅದು 15ರಿಂದ 30 ಬಾರ್ ನಡುವೆ ಇರುತ್ತದೆ. ನಿಮ್ಮ ಯಂತ್ರದ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿದೆ. ತಣ್ಣಗಿರುವಾಗ ತೆಗೆದುಕೊಂಡ ಅಳತೆಯಿಂದ ಈ ದೋಷದ ಬಗ್ಗೆ ಏನೂ ತಿಳಿಯುವುದಿಲ್ಲ.

ಚಾರ್ಜ್ ಒತ್ತಡ ಸರಿಯಿದ್ದರೆ ಪಂಪಿನ ಬಳಿ ಎಡಬದಿಯ ಎರಡು ಹೋಸುಗಳನ್ನು ಬಲಬದಿಯ ಎರಡರೊಂದಿಗೆ ಅದಲುಬದಲು ಮಾಡಿ. ಎಡ ಪಂಪು ಈಗ ಬಲ ಮೋಟರನ್ನು ನಡೆಸುತ್ತದೆ. ಸೋಲು ಬಲಬದಿಗೆ ದಾಟಿದರೆ ಪಂಪು ಕೆಟ್ಟಿದೆ. ಎಡದಲ್ಲೇ ಉಳಿದರೆ ಪಂಪಿನ ತಪ್ಪಿಲ್ಲ, ಮೋಟರನ್ನು ಹಿಡಿಯಿರಿ. ಲಿವರುಗಳು ಆಗ ತಿರುವುಮುರುವಾಗಿ ನಡೆಯುವುದರಿಂದ ಈ ಪರೀಕ್ಷೆಯನ್ನು ಬಯಲಿನಲ್ಲಿ, ಸುತ್ತ ಯಾರೂ ಇಲ್ಲದಾಗ, ನಿಧಾನವಾಗಿ ಮಾಡಬೇಕು. ಎತ್ತುವ ತೋಳು ಮೇಲಿದ್ದರೆ ಅದರ ಲಾಕು ಹಾಕದೆ ಕೆಳಗೆ ತಲೆ ಒಡ್ಡಬೇಡಿ. ಸೋರಿಕೆ ಹುಡುಕಲು ಹೋಸಿನ ಮೇಲೆ ಕೈಯಾಡಿಸಲೂಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆಯೂ ಚರ್ಮದೊಳಗೆ ಹೊಕ್ಕು ಬೆರಳನ್ನೇ ಕಳೆಯಬಲ್ಲದು.

ಉತ್ತರ: ಅಕ್ಕಿ ಗಿರಣಿಯ ಯಂತ್ರ ನಿರ್ವಾಹಕ, ಸಿಂಧನೂರು, ರಾಯಚೂರು ಜಿಲ್ಲೆ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕೂಲರನ್ನು ಮರೆಯಬಾರದು. ನಮ್ಮ ಗಿರಣಿಯಲ್ಲಿ ಹೊಟ್ಟು ಮತ್ತು ಹೊಟ್ಟಿನ ಬೂದಿ ಕೂಲರಿನ ರೆಕ್ಕೆಗಳ ನಡುವೆ ಕುಳಿತು, ಹೊರಗಿನಿಂದ ಸ್ವಚ್ಛವಾಗಿ ಕಂಡರೂ ಒಳಪದರ ಪೂರ್ತಿ ಕಟ್ಟಿಕೊಂಡಿತ್ತು. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುವಾಗ ಇಂತಹ ಕೂಲರು ಎಣ್ಣೆಯನ್ನು ತಣಿಸುವುದು ಹೇಗೆ? ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬೇಕು. ಹೊರಗಿನಿಂದ ಊದಿದರೆ ಧೂಳು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಇನ್ನೊಂದು ಸಲಹೆ: 46ರ ಬದಲು 68ರ ಎಣ್ಣೆ ಹಾಕಿದರೆ ತಾತ್ಕಾಲಿಕವಾಗಿ ಬಲ ಬರುತ್ತದೆ.

ಉತ್ತರ: ಹೈಡ್ರಾಲಿಕ್ ಮೆಕ್ಯಾನಿಕ್, ಬಳ್ಳಾರಿ

ಕೂಲರಿನ ಮಾತು ನೂರಕ್ಕೆ ನೂರು ನಿಜ. ದಪ್ಪ ಎಣ್ಣೆಯ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಕೈಪಿಡಿ ಅನುಮತಿಸದ ಹೊರತು ದಪ್ಪ ಎಣ್ಣೆ ಹಾಕಿದರೆ ಚಳಿಗಾಲದ ಬೆಳಿಗ್ಗೆ ಅದು ಸಕ್ಷನ್ ಪೈಪಿನಲ್ಲಿ ಬೇಗ ಏರದೆ ಚಾರ್ಜ್ ಪಂಪು ಎಣ್ಣೆಗಾಗಿ ಬಾಯಿಬಿಡುತ್ತದೆ. ಸೋರಿಕೆಯೂ ಮರೆಯಾಗಿ, ಮೋಟರು ಪೂರ್ತಿ ಒಡೆಯುವವರೆಗೆ ನಮಗೆ ತಿಳಿಯುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಗಿಣಿಗೇರಾ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನೀವು ಹೇಳಿದ ಕ್ರಮದಲ್ಲೇ ಮಾಡಿದೆವು. ಕೂಲರಿನಿಂದ ಬೊಗಸೆಗಟ್ಟಲೆ ಕೆಂಪು ಧೂಳು ಬಂದಿತು. ಸ್ವಚ್ಛ ಮಾಡಿದ ಮೇಲೆ ಎಡಬದಿ ಅರ್ಧ ತಾಸು ಹೆಚ್ಚು ತಡೆಯಿತು, ಆಮೇಲೆ ಮತ್ತೆ ಸೋತಿತು. ಕಾದ ಎಣ್ಣೆಯಲ್ಲಿ ಚಾರ್ಜ್ ಒತ್ತಡ 22 ಬಾರ್ ಇದ್ದು, ಕೈಪಿಡಿಯ ಮಿತಿಯೊಳಗೇ ಇದೆ. ಹೋಸುಗಳನ್ನು ಅದಲುಬದಲು ಮಾಡಿದಾಗ ಸೋಲು ಎಡದಲ್ಲೇ ಉಳಿಯಿತು. ಎರಡೂ ಮೋಟರುಗಳೊಳಗೆ ಸೋರಿದ ಎಣ್ಣೆಯನ್ನು ಹೊರಕ್ಕೆ ಒಯ್ಯುವ ಡ್ರೈನ್ ಪೈಪುಗಳನ್ನು ಹಿಂಬದಿಗೆ ಕಟ್ಟಿದ ಕ್ಯಾನುಗಳಿಗೆ ಬಿಟ್ಟು, ಬಕೆಟ್ಟನ್ನು ಗಟ್ಟಿ ಗುಡ್ಡೆಗೆ ಒತ್ತಿ ಹತ್ತು ಸೆಕೆಂಡು ಹಿಡಿದೆವು: ಬಲದಿಂದ ಸುಮಾರು 200 ಮಿಲಿಲೀಟರ್, ಎಡದಿಂದ 1.3 ಲೀಟರ್ ಬಂದಿತು. ಮೋಟರು ಬಿಚ್ಚಿದಾಗ ಪಿಸ್ಟನ್ನುಗಳ ಕಂಚಿನ ಪಾದಗಳು ಸವೆದು, ವಾಲ್ವ್ ಪ್ಲೇಟಿನ ತುಂಬ ಗೀರುಗಳು ಕಂಡವು. ಎಣ್ಣೆ ತುಂಬಲು ನಮ್ಮ ಹುಡುಗರು ಬಳಸುತ್ತಿದ್ದುದು ಮುಚ್ಚಳವಿಲ್ಲದ ಡಬ್ಬಿ ಎಂಬುದೂ ಈಗಲೇ ಗೊತ್ತಾಯಿತು. ಬೇರೆ ಮೋಟರು ತರಿಸಿದ್ದೇನೆ. ನಾಳೆ ಕೂಡಿಸಬಹುದೇ?

ಉತ್ತರ: ಹೈಡ್ರಾಲಿಕ್ ಮೆಕ್ಯಾನಿಕ್, ಬಳ್ಳಾರಿ

ನಾಳೆ ಬೇಡ. ಇದು ಮುಚ್ಚಿದ ಸುತ್ತು ಎಂಬುದನ್ನು ನೆನಪಿಡಿ. ಮೋಟರಿನಿಂದ ಉದುರಿದ ಕಂಚಿನ ಪುಡಿಯಲ್ಲಿ ಒಂದು ಪಾಲು ಡ್ರೈನ್ ಪೈಪಿನಿಂದ ಟ್ಯಾಂಕಿಗೆ ಹೋದರೂ, ಸುತ್ತಿನೊಳಗೆ ಉಳಿದದ್ದು ಫಿಲ್ಟರನ್ನು ಕಾಣದೆ ನೇರವಾಗಿ ಪಂಪಿನ ಬಾಯಿಗೆ ಹೋಗಿರಬಹುದು; ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಫಿಲ್ಟರಿನ ಮೂಲಕ ಹಾದುಬರುವುದು ಚಾರ್ಜ್ ಪಂಪು ಕೊಡುವ ಎಣ್ಣೆ ಮಾತ್ರ. ಹಳೆಯ ಪುಡಿ ಉಳಿದ ಹೋಸಿಗೆ ಹೊಸ ಮೋಟರನ್ನು ಕೂಡಿಸಿದರೆ, ಇಷ್ಟು ಅಳೆದು ಉಳಿಸಿಕೊಂಡ ಪಂಪನ್ನೇ ಕಳೆದುಕೊಳ್ಳುತ್ತೀರಿ.

ಎಡಬದಿಯ ಎರಡೂ ಹೋಸುಗಳನ್ನು ಬಿಚ್ಚಿ, ತೊಳೆದು, ಒಣ ಗಾಳಿ ಊದಿ, ಕೂಡಿಸುವವರೆಗೂ ಮುಚ್ಚಳ ಹಾಕಿಡಿ. ಅದಲುಬದಲು ಪರೀಕ್ಷೆಯಲ್ಲಿ ಕೆಟ್ಟ ಮೋಟರಿನ ಜೊತೆ ಬಲ ಪಂಪೂ ಓಡಿರುವುದರಿಂದ ಬಲಬದಿಯ ಹೋಸುಗಳಿಗೂ ಇದನ್ನೇ ಮಾಡಿ. ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ನೋಡಿ. ಹಳದಿ ಮಿನುಗು ಹೆಚ್ಚಿದ್ದರೆ ಪಂಪನ್ನೂ ತೆರೆದು ನೋಡಬೇಕಾಗುತ್ತದೆ. ಟ್ಯಾಂಕು ತೊಳೆದು, ಎಣ್ಣೆಯನ್ನೂ ಫಿಲ್ಟರನ್ನೂ ಹೊಸದಾಗಿ ಹಾಕಿ. ಹೊಸ ಮೋಟರಿನ ಹೊಟ್ಟೆಗೆ ಡ್ರೈನ್ ಬಾಯಿಯಿಂದ ಎಣ್ಣೆ ತುಂಬಿದ ಮೇಲೆಯೇ ಪೈಪು ಬಿಗಿಯಿರಿ. ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಡೀಸೆಲ್ ಬಂದ್ ಮಾಡಿ, ಗೇಜಿನಲ್ಲಿ ಚಾರ್ಜ್ ಒತ್ತಡ ಕಾಣುವವರೆಗೆ ಸ್ಟಾರ್ಟರಿನಿಂದಲೇ ಸ್ವಲ್ಪ ಸ್ವಲ್ಪ ತಿರುಗಿಸಿ. ಎಂಜಿನ್ ಚಾಲೂ ಮಾಡುವುದು ಆಮೇಲೆ. ಮೊದಲ 50 ಗಂಟೆಗೆ ಫಿಲ್ಟರನ್ನು ಮತ್ತೆ ಬದಲಿಸಿ, ಅದನ್ನೂ ಕತ್ತರಿಸಿ ನೋಡಿ, ಕಂಡದ್ದನ್ನು ಇಲ್ಲಿ ಬರೆಯಿರಿ.