ಅಪ್‌ಡೇಟ್: ಕ್ಯಾತಸಂದ್ರದ ಆಕ್ಸಿಡೆಂಟ್, ಕ್ಲೇಮ್ ಸಿಕ್ಕಿತು, ಆದರೆ ಪೂರ್ತಿ ಅಲ್ಲ

ತುಮಕೂರಿನ ಕ್ಯಾತಸಂದ್ರದ ಹತ್ತಿರ ನನ್ನ ಕಾರು ಮುಂದಿದ್ದ ಲಾರಿಗೆ ಗುದ್ದಿತ್ತು. ತಪ್ಪು ನನ್ನದೇ ಆದರೂ ಇನ್ಶೂರೆನ್ಸ್ ಬರುತ್ತದಾ ಅಂತ ಹೋದ ತಿಂಗಳು ಇಲ್ಲೇ ಕೇಳಿದ್ದೆ. ಬಂತು. ಪಾಲಿಸಿ ಕಾಂಪ್ರಹೆನ್ಸಿವ್, ಅಂದರೆ ನನ್ನ ಕಾರಿನ ಹಾನಿಗೂ ದುಡ್ಡು ಕೊಡುವಂಥದ್ದು ಆಗಿತ್ತು. ಬೇರೆಯವರಿಗಾದ ನಷ್ಟಕ್ಕೆ ಮಾತ್ರ ಕೊಡುವ ಬರೀ ಥರ್ಡ್ ಪಾರ್ಟಿ ಇದ್ದಿದ್ದರೆ ನನ್ನ ಕಾರಿಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ.

ಕಡಿತ ಎಲ್ಲಿ ಆಯಿತು ಅಂತ ಸರ್ವೇಯರ್ (ಹಾನಿ ಅಂದಾಜು ಮಾಡುವವರು) ಬಿಲ್ ಇಟ್ಟುಕೊಂಡು ತಾಳ್ಮೆಯಿಂದ ವಿವರಿಸಿದರು. ಬಂಪರ್ ಪ್ಲಾಸ್ಟಿಕ್, ಹಾಗಾಗಿ 50% ಸವಕಳಿ, ಅಂದರೆ ಭಾಗ ಹಳೆಯದು ಅಂತ ಮಾಡುವ ಕಡಿತ. ಬಾನೆಟ್ ಲೋಹದ್ದು. ಕಾರಿಗೆ ಮೂರೂವರೆ ವರ್ಷ, ಅದಕ್ಕೆ 25%. ಗಾಜಿಗೆ ಮಾತ್ರ ಸವಕಳಿ ಇಲ್ಲ. ಇದರ ಮೇಲೆ 1500 ಸಿಸಿ ಒಳಗಿನ ಕಾರಿಗೆ ನಾವೇ ಭರಿಸಬೇಕಾದ 1,000 ರೂಪಾಯಿ. ಸವಕಳಿ ಕಳೆಯದೆ ಕೊಡುವ ಝೀರೋ ಡೆಪ್ ಆಡ್-ಆನ್ ಇದ್ದಿದ್ದರೆ ಸವಕಳಿ ದುಡ್ಡು ಉಳಿಯುತ್ತಿತ್ತು. ಪ್ರೀಮಿಯಂ ಜಾಸ್ತಿ ಅಂತ ಸುಮ್ನೆ ಬೇಡ ಅಂದಿದ್ದೆ. ಈಗ ಬೇಜಾರಾಗುತ್ತಿದೆ.

ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ಹೋಯಿತು. ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡುವ ಮುಂಚೆ ಈ ಲೆಕ್ಕ ನೋಡಿಕೊಳ್ಳಿ.

ರೇಡಿಯೇಟರ್ ಸೋರುತ್ತಿದ್ದರೆ ಕಾರು ಓಡಿಸಬೇಡಿ, ಟೋಯಿಂಗ್ ಕರೆಸಿ ಅಂತ ಆಗ ಇಲ್ಲಿ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಹಾಗೇ ಓಡಿಸಿ ಎಂಜಿನ್ ಬಿಸಿಯಾಗಿ ಸೀಜ್ (ಜಾಮ್) ಆಗಿದ್ದರೆ ಆ ಖರ್ಚು ಮಾಮೂಲಿ ಪಾಲಿಸಿಯಲ್ಲಿ ಬರುತ್ತಿರಲಿಲ್ಲ. ಕಾರು ನಾಳೆ ಕೈಗೆ ಸಿಗುತ್ತದೆ.